ಬಿಬ್ ಅದಲುಬದಲಾದರೆ ಪದಕವೂ ಬದಲಾಗುತ್ತದೆಯೇ? ಓರಿಯೆಂಟೀರಿಂಗ್‌ನ ಹೊಸ ಸ್ಪರ್ಧಾ ಮಾದರಿಗಳು ಮತ್ತು ನ್ಯಾಯದ ಪ್ರಶ್ನೆ

ಓರಿಯೆಂಟೀರಿಂಗ್ ಅಂದರೆ ನಕ್ಷೆ ಓದಿ ದಾರಿ ಹುಡುಕುತ್ತಾ ಓಡುವ ಆಟ. ಅದರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಾಕೌಟ್ ಸ್ಪ್ರಿಂಟ್‌ಗೆ ಮೊದಲ ಸಲ ಪದಕ ಕೊಟ್ಟಿದ್ದು 2022ರಲ್ಲಿ, ಡೆನ್ಮಾರ್ಕ್‌ನಲ್ಲಿ. 2024ರಲ್ಲಿ ಎಡಿನ್‌ಬರೋದಲ್ಲಿ ಮತ್ತೆ ನಡೆಯಿತು. ನೋಡುವವರಿಗೆ ಇದು ಹಬ್ಬ. ಆರು ಜನ ಒಟ್ಟಿಗೆ ಹೊರಡುತ್ತಾರೆ. ಗೆರೆ ಮೊದಲು ದಾಟಿದವರು ಗೆದ್ದರು, ಅಷ್ಟೇ. ಗಡಿಯಾರ ನೋಡಿಕೊಂಡು ಕೂರಬೇಕಾಗಿಲ್ಲ. ಆದರೆ ಓಡುವವರ ನಡುವೆ, ತರಬೇತುದಾರರ ನಡುವೆ, ಕೋರ್ಸ್ ಹಾಕುವವರ ನಡುವೆ ಒಂದು ವಾದ ಇನ್ನೂ ಮುಗಿದಿಲ್ಲ. ಹೀಗೆ ಗೆದ್ದವರು ನಿಜವಾಗಿಯೂ ಆ ದಿನದ ಅತ್ಯುತ್ತಮ ಓರಿಯೆಂಟೀರರೇ? ಅಥವಾ ಚೀಟಿ ಎತ್ತಿದಾಗ ಒಳ್ಳೆಯ ಚೀಟಿ ಬಂದವರೇ?

ಈ ವಾದದಲ್ಲಿ ಎರಡೂ ಕಡೆ ಅವಸರದ ಮಾತು ಜಾಸ್ತಿ. ಹಳೆಯದನ್ನು ಬಿಡಬಾರದು ಅನ್ನುವವರು ಹೊಸದೆಲ್ಲವನ್ನೂ ಟಿವಿಯ ಸರ್ಕಸ್ ಅನ್ನುತ್ತಾರೆ. ಹೊಸದು ಬೇಕು ಅನ್ನುವವರು ಪ್ರಶ್ನೆ ಕೇಳಿದವರನ್ನೆಲ್ಲ ಹಳೆ ಕಾಲದವರು ಅನ್ನುತ್ತಾರೆ. ಯಾವ ಮಾದರಿಯಲ್ಲಿ ಅನ್ಯಾಯ ಎಲ್ಲಿಂದ ನುಸುಳುತ್ತದೆ ಅಂತ ಕೂತು ನೋಡುವವರು ಕಡಿಮೆ. ಇಲ್ಲಿ ಅದನ್ನೇ ನೋಡೋಣ.

ಮೊದಲು ಆಟದ ಬಗ್ಗೆ ಎರಡು ಮಾತು. ಓಟಗಾರರಿಗೆ ನಕ್ಷೆ ಸಿಗುವುದು ಹೊರಡುವ ಗಳಿಗೆಯಲ್ಲಿ. ಅದರಲ್ಲಿ ಸಂಖ್ಯೆ ಹಾಕಿದ ವೃತ್ತಗಳಿರುತ್ತವೆ. ಒಂದೊಂದು ವೃತ್ತದ ಜಾಗದಲ್ಲೂ ನೆಲದ ಮೇಲೆ ಕಿತ್ತಳೆ-ಬಿಳಿ ಬಣ್ಣದ ಗುರುತು, ಅದಕ್ಕೊಂದು ಕೋಡ್ ಇರುತ್ತದೆ. ಇದೇ ಕಂಟ್ರೋಲ್. ಎಲ್ಲ ಕಂಟ್ರೋಲ್‌ಗಳನ್ನೂ ಕ್ರಮವಾಗಿ ಮುಟ್ಟಬೇಕು, ಚಿಪ್‌ನಲ್ಲಿ ದಾಖಲಿಸಬೇಕು, ಎಲ್ಲರಿಗಿಂತ ಬೇಗ ಮುಗಿಸಬೇಕು. ಒಂದರಿಂದ ಇನ್ನೊಂದಕ್ಕೆ ಯಾವ ದಾರಿ ಹಿಡಿಯಬೇಕು ಅನ್ನುವುದು ಓಟಗಾರರಿಗೆ ಬಿಟ್ಟಿದ್ದು. ಆಟದ ಜೀವ ಇರುವುದು ಅಲ್ಲೇ.

ಹಾಗಾಗಿಯೇ ಹಿಂದಿನಿಂದಲೂ ಒಬ್ಬೊಬ್ಬರನ್ನೇ ಬಿಡುವ ಪದ್ಧತಿ ಇದೆ. ಹೆಚ್ಚಾಗಿ ಊರೊಳಗೆ ನಡೆಯುವ ಕಿರು ಓಟವಾದ ಸ್ಪ್ರಿಂಟ್‌ನಲ್ಲಿ ಸಾಮಾನ್ಯವಾಗಿ ಒಂದು ನಿಮಿಷದ ಅಂತರ, ಮಧ್ಯಮ ದೂರದ ಓಟದಲ್ಲಿ ಎರಡು, ದೀರ್ಘ ಓಟದಲ್ಲಿ ಮೂರು. ಎಲ್ಲರಿಗೂ ಅದೇ ಕೋರ್ಸ್, ಎಲ್ಲರೂ ಒಂಟಿ. ಇದಕ್ಕಿಂತ ನ್ಯಾಯ ಇನ್ನೇನಿದೆ ಅನ್ನಿಸುತ್ತದೆ, ಅಲ್ವಾ?

ಅಷ್ಟು ಸುಲಭವಿಲ್ಲ. ಕಾಡಿನಲ್ಲಿ ಮೊದಲು ಹೋದವರು ಯಾರೂ ತುಳಿಯದ ನೆಲದಲ್ಲಿ ಓಡುತ್ತಾರೆ. ಐವತ್ತನೆಯವರಾಗಿ ಹೋದವರಿಗೆ ಪೊದೆಯ ನಡುವೆ, ಪಾಚಿಯ ಮೇಲೆ ಸಣ್ಣ ಕಾಲುದಾರಿಯೇ ಬಿದ್ದಿರುತ್ತದೆ. ಆ ದಾರಿ ನೇರ ಕಂಟ್ರೋಲ್‌ಗೇ ಹೋಗುತ್ತದೆ. ಮಳೆ ಬಂದರೆ ಇದು ಉಲ್ಟಾ ಆಗಬಹುದು, ತುಳಿದ ಜಾಗವೆಲ್ಲ ಕೆಸರು. ಇನ್ನು ಮೂರು ನಿಮಿಷ ಹಿಂದೆ ಹೊರಟವರು ಮುಂದಿನವರನ್ನು ಹಿಡಿದರೆ ಏನಾಗುತ್ತದೆ? ಸಿಕ್ಕಿಬಿದ್ದವರಿಗೆ ನಷ್ಟ ಆಗಬೇಕಿತ್ತು. ಆಗುವುದು ಲಾಭ! ತಮಗಿಂತ ಚೆನ್ನಾಗಿ ನಕ್ಷೆ ಓದುವವರು ಕಣ್ಣೆದುರೇ ಓಡುತ್ತಿರುತ್ತಾರೆ, ಅವರ ಬೆನ್ನು ಹಿಡಿದರೆ ಸಾಕು. ವೈಯಕ್ತಿಕ ಓಟದಲ್ಲಿ ಎಲ್ಲರೂ ಸ್ವತಂತ್ರವಾಗಿ ದಾರಿ ಹುಡುಕಬೇಕು ಅಂತ ನಿಯಮ ಇದೆ. ಆದರೆ ಒಬ್ಬರು ಹಿಂಬಾಲಿಸುತ್ತಿದ್ದಾರೋ, ಅದೇ ದಾರಿ ತಾವಾಗಿಯೇ ಆರಿಸಿಕೊಂಡರೋ ಅಂತ ಸಾಬೀತು ಮಾಡುವುದು ಬಹಳ ಕಷ್ಟ.

ಅಂದರೆ ಹಳೆಯ ಮಾದರಿ ಪರಿಶುದ್ಧವಾಗಿತ್ತು, ಹೊಸದು ಕೆಡಿಸಿತು ಅನ್ನುವ ಮಾತು ನಿಲ್ಲುವುದಿಲ್ಲ. ಎಲ್ಲ ಮಾದರಿಯಲ್ಲೂ ಅದೃಷ್ಟ ಇದೆ. ಎಷ್ಟಿದೆ, ಅದನ್ನು ಹಂಚುವವರು ಯಾರು ಅನ್ನುವುದೇ ಪ್ರಶ್ನೆ.

ಒಂದು ಕಾಲದಲ್ಲಿ ಎಲ್ಲವೂ ಪ್ರಯೋಗವೇ

ಮೊದಲ ವಿಶ್ವ ಚಾಂಪಿಯನ್‌ಶಿಪ್ 1966ರಲ್ಲಿ ಫಿನ್‌ಲೆಂಡ್‌ನ ಫಿಸ್ಕಾರ್ಸ್‌ನಲ್ಲಿ ನಡೆಯಿತು. ಆಗ ಇದ್ದದ್ದು ಒಂದು ವೈಯಕ್ತಿಕ ಓಟ, ಒಂದು ರಿಲೇ. 1991ರಲ್ಲಿ ಕಿರು ದೂರದ ಓಟ ಸೇರಿತು. 2001ರಲ್ಲಿ ಫಿನ್‌ಲೆಂಡ್‌ನಲ್ಲೇ, ಟಾಂಪೆರೆಯಲ್ಲಿ ಸ್ಪ್ರಿಂಟ್ ಬಂತು. ಹನ್ನೆರಡರಿಂದ ಹದಿನೈದು ನಿಮಿಷದಲ್ಲಿ ಮುಗಿಯುವ ಓಟವೂ ಒಂದು ಓರಿಯೆಂಟೀರಿಂಗೇ ಅಂತ ಆಗ ಮೂಗು ಮುರಿದವರಿದ್ದರು. ಇವತ್ತು ಸ್ಪ್ರಿಂಟ್ ಇಲ್ಲದ ಆಟವನ್ನು ಯಾರೂ ಊಹಿಸುವುದಿಲ್ಲ. 2014ರಲ್ಲಿ ಇಟಲಿಯಲ್ಲಿ ಮಿಶ್ರ ಸ್ಪ್ರಿಂಟ್ ರಿಲೇ ಬಂತು. ಇಬ್ಬರು ಮಹಿಳೆಯರು, ಇಬ್ಬರು ಪುರುಷರು, ಮೊದಲ ಮತ್ತು ಕೊನೆಯ ಸುತ್ತು ಮಹಿಳೆಯರದು. 2019ರಿಂದ ವಿಶ್ವ ಚಾಂಪಿಯನ್‌ಶಿಪ್ಪನ್ನೇ ಕಾಡಿನ ವರ್ಷ, ಸ್ಪ್ರಿಂಟ್ ವರ್ಷ ಅಂತ ಎರಡು ಮಾಡಿದರು. ಸ್ಪ್ರಿಂಟ್ ವರ್ಷಕ್ಕೆ ಇನ್ನೊಂದು ಪದಕ ಬೇಕಿತ್ತು. ಅದಕ್ಕೆ ಸಿಕ್ಕಿದ್ದು ನಾಕೌಟ್. 2021ರಲ್ಲಿ ಸ್ವಿಟ್ಜರ್‌ಲೆಂಡ್‌ನ ನೂಶಾಟೆಲ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ನಡೆಸಿ, ಮರುವರ್ಷವೇ ವಿಶ್ವಮಟ್ಟಕ್ಕೆ ತಂದರು.

ಉಳಿಯದೆ ಹೋದ ಪ್ರಯೋಗಗಳೂ ಇವೆ. 2000ರ ದಶಕದ ಮಧ್ಯದಲ್ಲಿ ನಾರ್ಡಿಕ್ ದೇಶಗಳಲ್ಲಿ ಮೈಕ್ರೋ ಓರಿಯೆಂಟೀರಿಂಗ್ ಅಂತ ಒಂದನ್ನು ಪ್ರಯತ್ನಿಸಿದರು. ಒಂದು ಸಣ್ಣ ಜಾಗದಲ್ಲಿ ಹತ್ತಿರ ಹತ್ತಿರ ಹಲವು ಗುರುತುಗಳು. ಕೋಡ್ ಇಲ್ಲ. ನಕ್ಷೆಯನ್ನು ಸೂಕ್ಷ್ಮವಾಗಿ ಓದಿ ಸರಿಯಾದದ್ದನ್ನೇ ಮುಟ್ಟಬೇಕು. ತಪ್ಪಿದರೆ ಬಯಾಥ್ಲಾನ್‌ನ ಹಾಗೆ ದಂಡದ ಸುತ್ತು ಓಡಬೇಕು. ಟಿವಿಗೆ ಹೇಳಿ ಮಾಡಿಸಿದ ಹಾಗಿತ್ತು.

ಎಡವಿದ್ದು ಎಲ್ಲಿ ಅಂದರೆ, ನಕ್ಷೆ ಬರೆಯುವವರ ಕೈಯಲ್ಲಿ. ಮಾಮೂಲಿ ಓಟದಲ್ಲಿ ಒಂದು ಬಂಡೆ ನಕ್ಷೆಯಲ್ಲಿ ಮೂರು ಮೀಟರ್ ಆಚೆ ಬಿದ್ದರೆ ಯಾರಿಗೂ ತೊಂದರೆಯಿಲ್ಲ. ಕೋಡ್ ನೋಡಿ ಖಚಿತ ಮಾಡಿಕೊಳ್ಳಬಹುದು. ಇಲ್ಲಿ ಆ ಮೂರು ಮೀಟರೇ ದಂಡದ ಸುತ್ತು. ಅದೂ ಸರಿಯಾಗಿ ಓದಿದವರಿಗೇ. ಕೌಶಲ ಅಳೆಯಲು ಹೊರಟ ಮಾದರಿ, ನಕ್ಷೆಯಲ್ಲಿರುವ ಸಣ್ಣ ತಪ್ಪನ್ನು ದೊಡ್ಡದು ಮಾಡಿ ಓಟಗಾರರ ತಲೆಗೆ ಕಟ್ಟುತ್ತದೆ. ಇದನ್ನು ಕೈಬಿಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಪ್ರಯತ್ನಿಸಿದ್ದು ತಪ್ಪಲ್ಲ.

ಬಿಬ್ ಪರೀಕ್ಷೆ

ಹೊಸ ಮಾದರಿ ನ್ಯಾಯವೋ ಅಲ್ಲವೋ ಅಂತ ನೋಡಲು ನನಗೆ ಒಂದು ಸರಳ ಪರೀಕ್ಷೆ ಸಾಕು ಅನ್ನಿಸುತ್ತದೆ. ಬಿಬ್ ಅಂದರೆ ಓಟಗಾರರು ಎದೆಯ ಮೇಲೆ ಹಾಕಿಕೊಳ್ಳುವ ಸಂಖ್ಯೆ. ಓಟ ಮುಗಿದ ಮೇಲೆ ಮನಸ್ಸಿನಲ್ಲೇ ಇಬ್ಬರು ಓಟಗಾರರ ಬಿಬ್, ಅದರ ಜೊತೆ ಅವರಿಗೆ ಹಂಚಿದ ಕ್ರಮ, ಗುಂಪು ಎಲ್ಲವನ್ನೂ ಅದಲುಬದಲು ಮಾಡಿ. ಅದೇ ಕಾಲು, ಅದೇ ತಲೆ, ಅದೇ ತಪ್ಪುಗಳು. ಫಲಿತಾಂಶ ಬದಲಾಗುತ್ತದೆಯೇ? ಬದಲಾದರೆ ಆ ವ್ಯತ್ಯಾಸವನ್ನು ಕೊಟ್ಟದ್ದು ಆಯೋಜಕರು, ಓಟಗಾರರು ಗಳಿಸಿದ್ದಲ್ಲ.

ಈ ಪರೀಕ್ಷೆಯನ್ನು ಸಾಮೂಹಿಕ ಆರಂಭದ ವೈಯಕ್ತಿಕ ಓಟಕ್ಕೆ ಹಚ್ಚಿ ನೋಡೋಣ. ಎಲ್ಲರೂ ಒಟ್ಟಿಗೆ ಹೊರಟರೆ ಒಬ್ಬರ ಹಿಂದೆ ಒಬ್ಬರು ರೈಲು ಕಟ್ಟುತ್ತಾರೆ. ಅದನ್ನು ಒಡೆಯಲು ಕೋರ್ಸ್ ಹಾಕುವವರು ಫೋರ್ಕಿಂಗ್ ಮಾಡುತ್ತಾರೆ, ಅಂದರೆ ಕೋರ್ಸ್‌ನ ಕೆಲವು ತುಂಡುಗಳನ್ನು ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹಂಚುತ್ತಾರೆ. ಅದರಲ್ಲಿ ಒಂದು ಬಗೆ ಬಟರ್‌ಫ್ಲೈ ಲೂಪ್. ನಡುವೆ ಒಂದು ಕಂಟ್ರೋಲ್, ಅದರ ಸುತ್ತ ಮೂರು ಲೂಪ್‌ಗಳು. ಎಲ್ಲರೂ ಮೂರನ್ನೂ ಓಡಬೇಕು, ಆದರೆ ಬೇರೆ ಬೇರೆ ಕ್ರಮದಲ್ಲಿ. ಒಟ್ಟು ದೂರ ಎಲ್ಲರಿಗೂ ಒಂದೇ. ಕಾಗದದ ಮೇಲೆ ಪೂರ್ತಿ ನ್ಯಾಯ.

ಈಗ ಒಂದು ಲೆಕ್ಕ ಮಾಡೋಣ. ಒಳ್ಳೆಯ ಓಟಗಾರರಿಗೆ ಮೊದಲ ಲೂಪ್‌ಗೆ 3 ನಿಮಿಷ, ಎರಡನೆಯದಕ್ಕೆ 3 ನಿಮಿಷ 10 ಸೆಕೆಂಡು, ಮೂರನೆಯದಕ್ಕೆ 3 ನಿಮಿಷ 20 ಸೆಕೆಂಡು ಬೇಕು ಅಂದುಕೊಳ್ಳಿ. ಒಟ್ಟು ಒಂಬತ್ತೂವರೆ ನಿಮಿಷ. ಒಬ್ಬರ ಕ್ರಮ 1-2-3. ಇನ್ನೊಬ್ಬರದು 3-2-1. ಮೊದಲನೆಯವರು ತಮ್ಮ ಮೊದಲ ಲೂಪ್‌ನಲ್ಲಿ ತಪ್ಪು ಮಾಡಿ 20 ಸೆಕೆಂಡು ಕಳೆದುಕೊಂಡರು. ನಡುವಿನ ಕಂಟ್ರೋಲ್‌ಗೆ 3:20ಕ್ಕೆ ಬಂದರು. ಒಂದೂ ತಪ್ಪು ಮಾಡದ ಎರಡನೆಯವರು ಕೂಡ, ಉದ್ದದ ಲೂಪ್ ಮೊದಲು ಓಡಿದ್ದರಿಂದ, ಸರಿಯಾಗಿ 3:20ಕ್ಕೇ ಬಂದರು. ಇಬ್ಬರಿಗೂ ಮುಂದಿನದು ಎರಡನೇ ಲೂಪ್. ಈಗ ತಪ್ಪು ಮಾಡಿದವರು ತಪ್ಪು ಮಾಡದವರ ಬೆನ್ನ ಹಿಂದೆ ಇಡೀ ಲೂಪನ್ನು ಆರಾಮಾಗಿ ಓಡಬಹುದು! ತಪ್ಪಿಗೆ ಸಿಕ್ಕಿದ್ದು ಶಿಕ್ಷೆಯಲ್ಲ, ಪುಕ್ಕಟೆ ಮಾರ್ಗದರ್ಶಿ.

ಅನುಭವ ಇರುವ ಕೋರ್ಸ್ ಹಾಕುವವರು ಇದನ್ನು ತಪ್ಪಿಸುತ್ತಾರೆ. ಮೂರು ಲೂಪ್‌ಗೆ ಆರು ಕ್ರಮ ಸಾಧ್ಯ. ಅವುಗಳಲ್ಲಿ 1-2-3, 2-3-1, 3-1-2 ಈ ಮೂರನ್ನೇ ಬಳಸಿದರೆ, ಬೇರೆ ಕ್ರಮದ ಇಬ್ಬರು ಒಂದೇ ಸರದಿಯಲ್ಲಿ ಒಂದೇ ಲೂಪ್‌ಗೆ ಹೋಗುವುದಿಲ್ಲ. ಸಮಸ್ಯೆ ಅರ್ಧ ಬಗೆಹರಿಯಿತು. ಉಳಿದ ಅರ್ಧ ಹಾಗೇ ಇದೆ. ಹದಿನೆಂಟು ಜನರಿದ್ದರೆ ಒಂದೊಂದು ಕ್ರಮಕ್ಕೆ ಆರು ಜನ. ನನ್ನ ಗುಂಪಿನಲ್ಲಿ ಜಗತ್ತಿನ ಅತ್ಯುತ್ತಮ ನಕ್ಷೆ ಓದುಗರಿದ್ದರೆ ನನಗೆ ಆ ಒಂಬತ್ತೂವರೆ ನಿಮಿಷ ಹಬ್ಬ. ನಿಮ್ಮ ಗುಂಪಿನಲ್ಲಿ ನೀವೇ ಅತ್ಯುತ್ತಮರಾದರೆ ಉಳಿದ ಐವರ ಕೆಲಸವನ್ನೂ ನೀವೇ ಮಾಡುತ್ತೀರಿ. ನಮ್ಮಿಬ್ಬರ ಬಿಬ್ ಬದಲಿಸಿದರೆ ಫಲಿತಾಂಶ ಬದಲಾಗುತ್ತದೆ. ಒಟ್ಟು ಮೀಟರ್ ಒಂದೇ ಆಗಿರುವುದು ಸಾಕಾಗುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಹಾಗಾದರೆ ರಿಲೇ ಓಟಗಳಲ್ಲಿ ಇದೇ ಫೋರ್ಕಿಂಗನ್ನು ಯಾಕೆ ಯಾರೂ ದೂರುವುದಿಲ್ಲ? ಅಲ್ಲಿ ಲೆಕ್ಕ ತಂಡದ್ದು. ಎಲ್ಲ ತಂಡಗಳೂ ಎಲ್ಲ ತುಂಡುಗಳನ್ನೂ ಓಡಿಯೇ ಓಡುತ್ತವೆ, ಯಾವ ಸುತ್ತಿಗೆ ಯಾರು ಅನ್ನುವುದು ತಂಡದ್ದೇ ತೀರ್ಮಾನ. ಸ್ವೀಡನ್‌ನ ಟಿಯೋಮಿಲಾ ರಿಲೇ ನೋಡಿ. ಪುರುಷರ ತಂಡದಲ್ಲಿ ಹತ್ತು ಸುತ್ತು. ಅದರಲ್ಲಿ ದೀರ್ಘ ರಾತ್ರಿ ಅಂತ ಕರೆಸಿಕೊಳ್ಳುವ ಉದ್ದದ ಸುತ್ತಿಗೆ ಸಂಪ್ರದಾಯವಾಗಿ ಫೋರ್ಕಿಂಗೇ ಇರುವುದಿಲ್ಲ. ಹಣೆದೀಪ ಹಚ್ಚಿಕೊಂಡವರ ಉದ್ದನೆಯ ಸಾಲು ಕಾಡಿನಲ್ಲಿ ಒಟ್ಟಿಗೆ ಹೋಗುತ್ತದೆ. ಹಿಂಬಾಲಿಸುವಿಕೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ? ಆದರೂ ಅದು ಅನ್ಯಾಯ ಅನ್ನಿಸುವುದಿಲ್ಲ. ಹಾಗಿರುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತು. ಆ ಸಾಲಿನಲ್ಲಿ ಗಟ್ಟಿಯಾಗಿ ನಿಲ್ಲುವವರನ್ನೇ ಆರಿಸಿ ತಂಡ ಅಲ್ಲಿಗೆ ಕಳಿಸುತ್ತದೆ. ಬಿಬ್ ಬದಲಿಸಿದರೆ ಏನೂ ಆಗುವುದಿಲ್ಲ.

ಚೇಸಿಂಗ್ ಸ್ಟಾರ್ಟ್, ಅಂದರೆ ಹಿಂದಿನ ಓಟದ ಅಂತರದಲ್ಲೇ ಹೊರಡುವ ಮಾದರಿ, ಇವೆರಡರ ನಡುವೆ ಬರುತ್ತದೆ. ಸ್ವೀಡನ್‌ನಲ್ಲಿ ಹಲವು ದಿನ ನಡೆಯುವ ಓ-ರಿಂಗೆನ್ ಸ್ಪರ್ಧೆಯ ಕೊನೆಯ ದಿನ ಹೀಗೇ ನಡೆಯುವುದು. ಮುಂದಿರುವವರು ಒಂಟಿಯಾಗಿ ದಾರಿ ಹುಡುಕಬೇಕು. ಹಿಂದಿನವರು ಗುಂಪು ಕಟ್ಟಿಕೊಂಡು ಬರುತ್ತಾರೆ. ಮುನ್ನಡೆ ಗಳಿಸಿದ್ದಕ್ಕೇ ದಂಡ ಕಟ್ಟಿದ ಹಾಗೆ ಆಗುತ್ತದೆ ನಿಜ. ಆದರೂ ಅಂತರವನ್ನು ಹಿಂದಿನ ದಿನಗಳಲ್ಲಿ ಅವರವರೇ ಗಳಿಸಿರುತ್ತಾರೆ, ಯಾರೂ ಚೀಟಿ ಎತ್ತಿ ಕೊಟ್ಟಿರುವುದಿಲ್ಲ. ನನಗೆ ಇದರ ಬಗ್ಗೆ ದೊಡ್ಡ ತಕರಾರಿಲ್ಲ.

ನಾಕೌಟ್‌ನ ಒಳಗೆ

ಈಗ ನಾಕೌಟ್‌ಗೆ ಬರೋಣ. ಅರ್ಹತಾ ಸುತ್ತಿನಿಂದ 36 ಜನ ಮುಂದೆ ಬರುತ್ತಾರೆ. ಆರಾರು ಜನರ ಆರು ಕ್ವಾರ್ಟರ್‌ಫೈನಲ್. ಒಂದೊಂದರಿಂದ ಮೂವರು ಮುಂದಕ್ಕೆ. ನಂತರ ಮೂರು ಸೆಮಿಫೈನಲ್, ಒಂದೊಂದರಿಂದ ಇಬ್ಬರು. ಕೊನೆಗೆ ಆರು ಜನರ ಫೈನಲ್. ಒಂದೊಂದು ಓಟವೂ ಕೆಲವೇ ನಿಮಿಷದ್ದು. ನಾಲ್ಕನೆಯವರಿಗೂ ಮೂರನೆಯವರಿಗೂ ನಡುವೆ ಅರ್ಧ ಸೆಕೆಂಡೂ ಇಲ್ಲದಿರಬಹುದು.

ಇಷ್ಟು ಚಿಕ್ಕ ಓಟದಲ್ಲಿ ಬಟರ್‌ಫ್ಲೈಗೆ ಸಮಯವೂ ಇಲ್ಲ, ಜಾಗವೂ ಇಲ್ಲ. ಆರು ಜನರನ್ನು ಬೇರ್ಪಡಿಸಲು ಮೂರು ಬೇರೆ ತುಂಡುಗಳನ್ನು ಇಟ್ಟು ಬಿಬ್ ಪ್ರಕಾರ ಹಂಚಿದರೆ, ಒಬ್ಬೊಬ್ಬರು ಓಡುವುದು ಒಂದನ್ನು ಮಾತ್ರ. ಸರಿದೂಗಿಸಲು ಇನ್ನೊಂದು ಅವಕಾಶ ಬರುವುದಿಲ್ಲ. ಮೂರೂ ಒಂದೇ ಉದ್ದ ಅಂತ ಅಳತೆ ತೋರಿಸಬಹುದು. ಆದರೆ ಒಂದರಲ್ಲಿ ಎಂಟು ಮೆಟ್ಟಿಲು ಜಾಸ್ತಿ, ಇನ್ನೊಂದರಲ್ಲಿ ಒಂದು ಚೂಪು ತಿರುವು ಜಾಸ್ತಿ. ಅಲ್ಲೇ ಒಂದು ಸೆಕೆಂಡು ಹೋಯಿತು. ಸೆಕೆಂಡಿಗೆ ಐದು ಮೀಟರ್ ಓಡುವವರಿಗೆ ಒಂದು ಸೆಕೆಂಡು ಅಂದರೆ ಐದು ಮೀಟರ್. ಕೊನೆಯ ನೂರು ಮೀಟರ್‌ನಲ್ಲಿ ಐದು ಮೀಟರ್ ಹಿಂದಿದ್ದವರಿಗೆ ಗೆಲ್ಲುವ ಆಸೆ ಎಷ್ಟಿರುತ್ತದೆ ಹೇಳಿ.

ಇದಕ್ಕೆ ಸಿಕ್ಕ ಉತ್ತರ ನನಗೆ ತುಂಬಾ ಇಷ್ಟವಾದದ್ದು. ಓಟಗಾರರ ಆಯ್ಕೆ ಅಂತ ಇದೆ. ಹೊರಡುವ ಮುನ್ನ ಕೆಲವೇ ಸೆಕೆಂಡು ಎಲ್ಲರಿಗೂ ಎ, ಬಿ, ಸಿ ಅಂತ ಮೂರು ಕೋರ್ಸ್‌ಗಳನ್ನು ತೋರಿಸುತ್ತಾರೆ. ಯಾವುದು ಬೇಕೋ ಓಟಗಾರರೇ ಆರಿಸಿಕೊಳ್ಳಬೇಕು. ಈಗ ಎಂಟು ಮೆಟ್ಟಿಲು ಜಾಸ್ತಿ ಇರುವುದನ್ನು ಗಮನಿಸದೆ ಎ ಹಿಡಿದವರು ಯಾರನ್ನು ದೂರುತ್ತಾರೆ? ಮೂರು ಕೋರ್ಸ್‌ಗಳಲ್ಲಿ ಒಂದು ನಿಜಕ್ಕೂ ಎರಡು ಸೆಕೆಂಡು ಬೇಗ ಇದ್ದರೂ ತಪ್ಪಿಲ್ಲ. ಅದನ್ನು ಕಂಡುಹಿಡಿಯುವುದೇ ಪರೀಕ್ಷೆ. ದಾರಿ ಆರಿಸುವ ಕೌಶಲವೇ ಈ ಆಟ ಅಂತ ಮೊದಲೇ ಹೇಳಿದೆನಲ್ಲ, ಆ ಕೌಶಲವನ್ನೇ ಕೆಲವು ಸೆಕೆಂಡಿಗೆ ಒತ್ತಿ ಇಟ್ಟ ಹಾಗೆ. ಬಿಬ್ ಪರೀಕ್ಷೆಯಲ್ಲಿ ಇದು ಸಲೀಸಾಗಿ ಪಾಸಾಗುತ್ತದೆ. ಆರೂ ಜನ ಒಂದನ್ನೇ ಆರಿಸಿದರೆ ಮತ್ತೆ ರೈಲು ಕಟ್ಟುತ್ತದೆ, ಹೌದು. ಆಗ ಓಟ ಸಪ್ಪೆಯಾಗುತ್ತದೆ. ಆದರೆ ಸಪ್ಪೆಯಾದದ್ದೆಲ್ಲ ಅನ್ಯಾಯ ಅಲ್ಲ.

ಕ್ವಾರ್ಟರ್‌ಫೈನಲ್ ಹಂಚಿಕೆಗೂ ಇದೇ ಮಾತು. ಬಲವಾದ ಗುಂಪಿಗೆ ಬಿದ್ದು ನಾಲ್ಕನೆಯವರಾದವರು ಮನೆಗೆ, ಸಡಿಲ ಗುಂಪಿನಲ್ಲಿ ನಿಧಾನವಾಗಿ ಓಡಿ ಮೂರನೆಯವರಾದವರು ಮುಂದಕ್ಕೆ. ಚೀಟಿ ಎತ್ತಿ ಗುಂಪು ಮಾಡಿದರೆ ಇದು ಶುದ್ಧ ಅದೃಷ್ಟ. ಅರ್ಹತಾ ಸುತ್ತಿನಲ್ಲಿ ಮುಂದೆ ಬಂದವರಿಗೆ ಮೊದಲು ಗುಂಪು ಆರಿಸುವ ಹಕ್ಕು ಕೊಟ್ಟರೆ ಅದು ಗಳಿಕೆಯಾಗುತ್ತದೆ. ಕೆಲವು ಸ್ಪರ್ಧೆಗಳಲ್ಲಿ ಹೀಗೆ ಮಾಡಿದ್ದಾರೆ, ಎಲ್ಲ ಕಡೆ ಮಾಡಬೇಕು.

ಇನ್ನೂ ಕೈಗೆ ಸಿಗದೆ ಉಳಿದಿರುವುದು ವಿಶ್ರಾಂತಿಯ ಅಂತರ. ಮೊದಲ ಸೆಮಿಫೈನಲ್ ಮುಗಿಸಿದವರು ಕೂತು ನೀರು ಕುಡಿಯುತ್ತಿರುವಾಗ ಮೂರನೇ ಸೆಮಿಫೈನಲ್‌ನವರು ಇನ್ನೂ ಹೊರಟಿರುವುದಿಲ್ಲ. ಆದರೆ ಫೈನಲ್ ಆರೂ ಜನರಿಗೂ ಒಂದೇ ಗಳಿಗೆಗೆ. ಒಂದೇ ದಿನ ಮತ್ತೆ ಮತ್ತೆ ಪೂರ್ತಿ ವೇಗದಲ್ಲಿ ಓಡುವ ಕಾಲುಗಳಿಗೆ ಹತ್ತು ನಿಮಿಷದ ವ್ಯತ್ಯಾಸ ಸಣ್ಣದಲ್ಲ. ಸೆಮಿಫೈನಲ್ ಮತ್ತು ಫೈನಲ್ ನಡುವೆ ಸಮಯ ಹೆಚ್ಚಿಸಿದರೆ ಇದರ ಪಾಲು ಕಡಿಮೆಯಾಗುತ್ತದೆ. ಆದರೆ ನೇರ ಪ್ರಸಾರಕ್ಕೆ ಆ ಖಾಲಿ ಸಮಯ ಬೇಡ. ನ್ಯಾಯ ಮತ್ತು ಟಿವಿ ಎದುರುಬದುರು ನಿಲ್ಲುವುದು ನಿಜವಾಗಿ ಇಲ್ಲಿಯೇ. ಇಂಥ ಕಡೆ ಆಯೋಜಕರು ಓಟಗಾರರ ಪರ ನಿಲ್ಲಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ದೂರು ಕೊಡುವ ಹಕ್ಕೂ ಅವಸರಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ದಾಟಬಾರದ ಗೋಡೆಯನ್ನೋ ಹೂವಿನ ಪಾತಿಯನ್ನೋ ಒಬ್ಬರು ದಾಟಿದರು ಅಂದುಕೊಳ್ಳಿ. ಮಾಮೂಲಿ ಸ್ಪ್ರಿಂಟ್‌ನಲ್ಲಿ ತೀರ್ಪುಗಾರರು ಕೂತು, ವಿಡಿಯೋ ನೋಡಿ, ಸಂಜೆಯೊಳಗೆ ನಿರ್ಧರಿಸಬಹುದು. ನಾಕೌಟ್‌ನಲ್ಲಿ ಮುಂದಿನ ಸುತ್ತು ಶುರುವಾಗುವ ಮೊದಲೇ ತೀರ್ಮಾನ ಬೇಕು. ತಡವಾಗಿ ತಪ್ಪು ಗೊತ್ತಾದರೆ ಹೊರಹೋದ ನಾಲ್ಕನೆಯವರನ್ನು ಮತ್ತೆ ಕರೆದು ತಂದು ಓಡಿಸಲು ಆಗುವುದಿಲ್ಲ. ಅವರ ಓಟ ಹೋಯಿತು ಅಂದರೆ ಹೋಯಿತು.

ಇದು ಬರೀ ವೇಗದ ಓಟ, ನಕ್ಷೆಗೆ ಬೆಲೆಯಿಲ್ಲ ಅನ್ನುವ ಆಕ್ಷೇಪಕ್ಕೆ ನಾನು ಅಷ್ಟು ತೂಕ ಕೊಡುವುದಿಲ್ಲ. 2022ರಲ್ಲಿ ಪುರುಷರ ನಾಕೌಟ್ ಗೆದ್ದ ಸ್ವಿಟ್ಜರ್‌ಲೆಂಡ್‌ನ ಮಥಿಯಾಸ್ ಕಿಬುರ್ಜ್ ಎರಡು ವರ್ಷದ ನಂತರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದರು. ನೋಡಿ, ಕಾಲಿನ ಬಲದಿಂದಲೇ ಗೆದ್ದದ್ದು ಅಂತ ಇದನ್ನೇ ಸಾಕ್ಷಿ ಮಾಡಬಹುದು. ಆದರೆ ಅವರೇ ಹಲವು ವರ್ಷ ಕಾಡಿನ ಓಟಗಳೂ ಸೇರಿದ ವಿಶ್ವಕಪ್‌ನ ಒಟ್ಟಾರೆ ಪಟ್ಟಿಯಲ್ಲಿ ಮೊದಲು ನಿಂತವರು. ಅದೇ ನಾಕೌಟ್‌ನ ಮಹಿಳೆಯರ ಚಿನ್ನ ಗೆದ್ದ ಸ್ವೀಡನ್‌ನ ತೂವೆ ಅಲೆಕ್ಸಾಂಡರ್ಸನ್ ಕಾಡಿನಲ್ಲಿ ಎಷ್ಟು ಬಲಶಾಲಿ ಅಂತ ಈ ಆಟ ನೋಡುವ ಎಲ್ಲರಿಗೂ ಗೊತ್ತು. ಅತ್ಯುತ್ತಮರು ಗೆಲ್ಲುತ್ತಿದ್ದಾರೆ. ಫೈನಲ್ ತಲುಪದೆ ಅರ್ಧ ಸೆಕೆಂಡಿನಲ್ಲಿ ಹೊರಬಿದ್ದವರ ಕಡೆ ಯಾರೂ ನೋಡುತ್ತಿಲ್ಲ ಅನ್ನುವುದು ನನ್ನ ಚಿಂತೆ. ಮಾದರಿಯ ದೋಷ ಮೊದಲು ತಟ್ಟುವುದು ಅವರಿಗೆ.

ಹಾಗಾಗಿ ನನ್ನ ಬೇಡಿಕೆ ಪ್ರಯೋಗ ನಿಲ್ಲಿಸಿ ಅಂತಲ್ಲ. ಅಳೆಯಿರಿ, ಆಮೇಲೆ ಪದಕ ಕೊಡಿ ಅಂತ. ಅಂತಾರಾಷ್ಟ್ರೀಯ ಒಕ್ಕೂಟಕ್ಕೆ ಇದು ಕಷ್ಟವೂ ಅಲ್ಲ. ಪ್ರತಿ ಕಂಟ್ರೋಲ್‌ನಲ್ಲೂ ಚಿಪ್ ಸಮಯ ದಾಖಲಾಗುತ್ತದೆ. ಯಾವ ಫೋರ್ಕ್‌ಗೆ ಎಷ್ಟು ಸೆಕೆಂಡು ಹಿಡಿಯಿತು, ಯಾವ ಸೆಮಿಫೈನಲ್‌ನಿಂದ ಬಂದವರು ಫೈನಲ್‌ನಲ್ಲಿ ಎಷ್ಟನೆಯವರಾದರು ಅನ್ನುವ ಲೆಕ್ಕವೆಲ್ಲ ಆ ದಾಖಲೆಯಲ್ಲೇ ಇದೆ. ಪ್ರತಿ ಸ್ಪರ್ಧೆಯ ನಂತರ ಫಲಿತಾಂಶದ ಜೊತೆಗೇ ಇದನ್ನೂ ಪ್ರಕಟಿಸಲಿ. ಹೊಸ ಮಾದರಿ ಬಂದರೆ ಕೆಲವು ಋತು ವಿಶ್ವಕಪ್‌ನಲ್ಲಿ ಓಡಿಸಿ, ಈ ಲೆಕ್ಕ ನೋಡಿ, ಆಮೇಲೆ ವಿಶ್ವ ಚಾಂಪಿಯನ್‌ಶಿಪ್‌ಗೆ ತರಲಿ. 1977ರಲ್ಲೇ ಒಲಿಂಪಿಕ್ ಸಮಿತಿಯ ಮಾನ್ಯತೆ ಸಿಕ್ಕರೂ ಒಲಿಂಪಿಕ್ಸ್‌ಗೆ ಇನ್ನೂ ಹೋಗದ ಆಟ ಇದು. ಜನ ನೋಡುವಂಥ ಮಾದರಿ ಬೇಕು ಅನ್ನುವ ಆತುರ ನನಗೂ ಅರ್ಥವಾಗುತ್ತದೆ.

2026ರ ಸ್ಪ್ರಿಂಟ್ ವಿಶ್ವ ಚಾಂಪಿಯನ್‌ಶಿಪ್ ಸಿಕ್ಕಿರುವುದು ಇಟಲಿಯ ಜಿನೋವಾಗೆ. ಹಳೆಯ ಬಂದರು ನಗರ. ಕಿರಿದಾದ ಗಲ್ಲಿಗಳು, ಕಡಿದಾದ ಮೆಟ್ಟಿಲುಗಳು. ಇಂಥ ಕಡೆ ನಕ್ಷೆಯ ಮೇಲಿನ ಅಳತೆ ಜಾಸ್ತಿ ಮೋಸ ಮಾಡುತ್ತದೆ. ಎತ್ತರದ ಗೋಡೆಗಳ ನಡುವೆ ಜಿಪಿಎಸ್ ಕೂಡ ದಾರಿ ತಪ್ಪುತ್ತದೆ. ಇಂಥ ಊರಿನಲ್ಲಿ ಬಿಬ್ ಪ್ರಕಾರ ಫೋರ್ಕ್ ಹಂಚುವುದಾದರೆ, ಸ್ಪರ್ಧೆಗೆ ಮೊದಲು ಅಷ್ಟೇ ವೇಗದ ಪರೀಕ್ಷಾ ಓಟಗಾರರನ್ನು ಮೂರೂ ತುಂಡುಗಳಲ್ಲಿ ಹಲವು ಸಲ ಓಡಿಸಿ, ಗಡಿಯಾರ ಹಿಡಿದು ನೋಡಬೇಕು. ಒಂದು ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ತುಂಡನ್ನು ತೆಗೆದುಹಾಕಬೇಕು, ಇಲ್ಲವೇ ಮೂರನ್ನೂ ಓಟಗಾರರ ಮುಂದಿಟ್ಟು ಆಯ್ಕೆ ಅವರಿಗೇ ಬಿಡಬೇಕು.